ಹಿಂದೆ ಸರಿಯದ ಎಂಜಿನು

ಆಟದ ರೈಲಿನ ಎಂಜಿನೊಂದನ್ನು ದುರಸ್ತಿ ಮಾಡಿದ ವೃತ್ತಾಂತವನ್ನು ಬರೆದು ಕಳುಹಿಸುತ್ತೇವೆಂದಾಗ ಸಂಪಾದಕ ಮಿತ್ರರು ಒಂದು ಕ್ಷಣ ಸುಮ್ಮನಾದರು. ಎಪ್ಪತ್ತು ದಾಟಿದವರಿಗೆ ಎರಡನೆಯ ಬಾಲ್ಯ ಬರುವುದುಂಟೆಂದು ಅವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಅಂದುಕೊಳ್ಳಲಿ. ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿ ಕನ್ನಡ ಶಾಲೆಗಳ ಅಧ್ಯಾಪಕರು. ಉಳಿದವರು ಅವರ ಕೈಕೆಳಗೆ ಕಲಿಯುತ್ತಿರುವವರು. ನಾವು ಹೇಳಹೊರಟಿರುವ ಸಂಗತಿ ಈ ಇಬ್ಬರಿಗೂ ಸೇರಿದ್ದು. ಅದರಲ್ಲಿ ಎಂಜಿನಿನ ದೋಷ ಒಂದಿದ್ದರೆ ನಮ್ಮ ದೋಷಗಳು ಮೂರಿವೆ. ಅವುಗಳಲ್ಲೊಂದು ಎಂಜಿನನ್ನು ಕಾಣುವುದಕ್ಕೆ ಮೂವತ್ತಮೂರು ವರ್ಷ ಮೊದಲೇ ಆದುದು. ಅಲ್ಲಿಂದಲೇ ಪ್ರಾರಂಭಿಸುವುದು ನ್ಯಾಯ.

1986ರಲ್ಲಿ ನಾವು ಕಾಸರಗೋಡು ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಭೌತಶಾಸ್ತ್ರವನ್ನು ಕಲಿಸುತ್ತಿದ್ದೆವು. ಅಂದು ವಿದ್ಯುತ್ ಮೋಟಾರಿನ ಪಾಠ. ಫ್ಲೆಮಿಂಗನ ಎಡಗೈ ನಿಯಮವನ್ನು ಹೇಳಿ, ಮಕ್ಕಳೆಲ್ಲರ ಎಡಗೈಗಳನ್ನೂ ಮೇಲೆತ್ತಿಸಿ, ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ವಿದ್ಯುತ್ ಪ್ರವಾಹ, ಹೆಬ್ಬೆರಳು ಚಲನೆ ಎಂದು ಬಾಯಿಪಾಠ ಮಾಡಿಸಿದ್ದಾಯಿತು. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಆತ ಪೇಟೆಯಲ್ಲಿ ಹೊಲಿಗೆ ಅಂಗಡಿಯಿಟ್ಟಿದ್ದವರ ಮಗ.

"ಮಾಸ್ಟ್ರೇ, ಅಪ್ಪನ ಮಿಷನಿಗೆ ಮೋಟಾರು ಹಾಕಿಸಿದ್ದೇವೆ. ಮನೆಗೆ ಬರುವ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಾಯಿಸುತ್ತದೆ ಅಂತ ನೀವೇ ಮೊನ್ನೆ ಹೇಳಿದ್ದೀರಿ. ಹಾಗಾದರೆ ಮೋಟಾರು ಒಂದೇ ಕಡೆಗೆ ತಿರುಗುವುದು ಹೇಗೆ?"

ಈ ಪ್ರಶ್ನೆ ನಮಗೆ ಎಂದೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೆಂದು ಹೇಳುವ ಧೈರ್ಯ ಆ ವಯಸ್ಸಿನಲ್ಲಿ ನಮಗಿರಲಿಲ್ಲ. "ಅಷ್ಟು ಬೇಗಬೇಗನೆ ಬದಲಾಯಿಸಿದರೆ ಮೋಟಾರಿಗೆ ಹಿಂದಕ್ಕೆ ತಿರುಗಲು ಪುರುಸೊತ್ತೆಲ್ಲಿದೆ? ಕುಳಿತುಕೊ" ಎಂದೆವು. ತರಗತಿ ನಕ್ಕಿತು, ಹುಡುಗ ಕುಳಿತುಕೊಂಡ. ನಮ್ಮ ಉತ್ತರ ನಿಜವಾಗಿದ್ದರೆ ಆ ಮೋಟಾರಿಗೆ ಮುಂದಕ್ಕೆ ತಿರುಗಲೂ ಪುರುಸೊತ್ತಿರಬಾರದಷ್ಟೆ? ಮುಂದಕ್ಕೊಂದು ನೂಕು, ಹಿಂದಕ್ಕೊಂದು ನೂಕು ಎಂದಾಗಿ ಅದು ನಿಂತಲ್ಲಿಯೇ ನಡುಗುತ್ತಿರಬೇಕಾಗಿತ್ತು. ಇದು ಅಂದು ಸಂಜೆ ಮನೆಗೆ ನಡೆದು ಹೋಗುವಾಗಲೇ ನಮಗೆ ತೋರಿತು. ಆದರೆ ಪರೀಕ್ಷೆಗಳು ಸಮೀಪಿಸಿದ್ದವು, ಪಾಠಗಳು ಬಾಕಿಯಿದ್ದವು. ಮರುದಿನ ನಾವು ಬೆಳಕಿನ ವಕ್ರೀಭವನಕ್ಕೆ ಹೋದೆವು.

ಇನ್ನು ಎಂಜಿನಿನ ವಿಷಯ. 2019ರ ಮೇ ತಿಂಗಳಿನಲ್ಲಿ ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹಗಲು ಅವರೆಲ್ಲರೂ ಕೆಲಸಕ್ಕೂ ಶಾಲೆಗೂ ಹೋದ ಮೇಲೆ ಆ ಬೀದಿಯಲ್ಲಿ ಉಳಿಯುತ್ತಿದ್ದವರು ನಾವು ಮತ್ತು ಪಕ್ಕದ ಮನೆಯ ವೃದ್ಧರು, ಇಬ್ಬರೇ. ಅವರಿಗೆ ಎಂಬತ್ತು ವರ್ಷ, ಹೆಂಡತಿ ತೀರಿಹೋಗಿದ್ದರು, ಕೈ ನಡುಗುತ್ತಿತ್ತು. ಮನೆಯನ್ನು ಮಾರಿ ವೃದ್ಧರ ವಸತಿಯೊಂದಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ನಾವು ಒಂದು ಕಾಲದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದೆವೆಂದು ತಿಳಿದಂದಿನಿಂದ ಅವರು ನಮ್ಮನ್ನು "ಪ್ರೊಫೆಸರ್" ಎಂದು ಕರೆಯತೊಡಗಿದ್ದರು. ಬೇಡವೆಂದರೂ ಕೇಳಲಿಲ್ಲ. ಒಂದು ದಿನ ನೆಲಮಾಳಿಗೆಯಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದು ನಮ್ಮ ಮುಂದಿಟ್ಟರು. ಅದರೊಳಗೆ 1666 ಎಂಬ ಸಂಖ್ಯೆಯ ಲಯನೆಲ್ ಎಂಜಿನು ಇದ್ದಿತು.

ಲಯನೆಲ್ ಎಂಬುದು 1900ರಲ್ಲಿ ನ್ಯೂಯಾರ್ಕಿನಲ್ಲಿ ಜೋಶುವಾ ಲಯನೆಲ್ ಕೋವೆನ್ ಎಂಬವರು ಸ್ಥಾಪಿಸಿದ ಆಟಿಕೆಯ ಕಂಪೆನಿ. ಅದರ ಕಾರ್ಖಾನೆ ಬಹುಕಾಲ ಇದೇ ನ್ಯೂಜೆರ್ಸಿಯ ಅರ್ವಿಂಗ್ಟನ್ನಿನಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಸರಕಾರವು ಲೋಹದ ಆಟಿಕೆಗಳನ್ನು ನಿಲ್ಲಿಸಿತು. ಕಂಪೆನಿ ನೌಕಾಪಡೆಗೆ ದಿಕ್ಸೂಚಿಗಳನ್ನೂ ಇತರ ಉಪಕರಣಗಳನ್ನೂ ಮಾಡಿಕೊಡುತ್ತಿತ್ತು. 1943ರಲ್ಲಿ ಮಕ್ಕಳ ಸಮಾಧಾನಕ್ಕೆಂದು ಅದು ಕಾಗದದ ರೈಲೊಂದನ್ನು ಹೊರತಂದಿತು. ಕತ್ತರಿಸಿ ಮಡಚಿ ಜೋಡಿಸಬೇಕಾದ ಆ ರೈಲು ಜೋಡಿಸಿದವರಿಗೇ ನಿಲ್ಲುತ್ತಿರಲಿಲ್ಲವೆಂದು ಪ್ರಸಿದ್ಧಿ. ನಮ್ಮ ವೃದ್ಧರು ನಾಲ್ಕು ವರ್ಷದ ಮಗುವಾಗಿದ್ದಾಗ ಅವರ ತಂದೆ ಅದರೊಡನೆ ಒಂದು ರಾತ್ರಿಯೆಲ್ಲ ಹೋರಾಡಿ ಸೋತು, ಯುದ್ಧ ಮುಗಿಯಲಿ, ಕಬ್ಬಿಣದ್ದನ್ನೇ ಕೊಡಿಸುತ್ತೇನೆಂದು ಮಾತು ಕೊಟ್ಟರಂತೆ. ಆ ಮಾತು 1947ರ ಕ್ರಿಸ್‌ಮಸ್ಸಿನಂದು ನಡೆಯಿತು. ಎಂಜಿನಿನ ಒಡಲು ಕಬ್ಬಿಣದ್ದಲ್ಲ, ಅಚ್ಚಿನಲ್ಲಿ ಎರಕ ಹೊಯ್ದ ಬೇರೊಂದು ಲೋಹದ್ದು. ಆದರೆ ಎತ್ತಿದರೆ ಕಬ್ಬಿಣದಂತೆಯೇ ಭಾರ.

ಆಗಸ್ಟಿನಲ್ಲಿ ಅವರ ಮೊಮ್ಮಗ ಬರುವವನಿದ್ದ. ಅವನೂ ಎಂಟು ವರ್ಷದವನು. ಮನೆ ಕೈಬಿಡುವ ಮೊದಲು ಅದೇ ನೆಲಮಾಳಿಗೆಯಲ್ಲಿ ಆ ಎಂಜಿನು ಓಡುವುದನ್ನು ಅವನಿಗೆ ತೋರಿಸಬೇಕೆಂಬುದು ಅವರ ಆಸೆ. ಹಳಿಗಳನ್ನು ಜೋಡಿಸಿ ವಿದ್ಯುತ್ತನ್ನು ಕೊಟ್ಟರೆ ಎಂಜಿನು ಜೀರುಂಡೆಯಂತೆ ಗುಂಯ್ ಎಂದು ಸದ್ದು ಮಾಡುತ್ತಿತ್ತೇ ಹೊರತು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. "ಮುಂದೆ ಹೋಗದಿದ್ದರೂ ಅಡ್ಡಿಯಿಲ್ಲ, ಪ್ರೊಫೆಸರ್, ಹಿಂದಕ್ಕೆ ಹೋಗಬೇಕು. ಡಬ್ಬಿಗಳನ್ನು ಹಿಂದಕ್ಕೆ ನೂಕಿ ಜೋಡಿಸುವುದರಲ್ಲಿಯೇ ಆಟವೆಲ್ಲ ಇರುವುದು" ಎಂದರು. ಪೇಟೆಯ ಅಂಗಡಿಯವರು ಹಳೆಯ ಕೀಲನ್ನು ತೆಗೆದೆಸೆದು ಎಲೆಕ್ಟ್ರಾನಿಕ್ ಹಲಗೆಯೊಂದನ್ನು ಹಾಕಿಕೊಡುತ್ತೇವೆಂದಿದ್ದರಂತೆ. ಇವರು ಒಪ್ಪಲಿಲ್ಲ. ಆ ಹಲಗೆಗೆ ಗುಂಯ್ ಎಂಬ ಸದ್ದಿಲ್ಲ; ಸದ್ದಿಲ್ಲದಿದ್ದರೆ ಅದು ತಂದೆ ಕೊಡಿಸಿದ ಎಂಜಿನಲ್ಲ.

ನಾವು ಒಪ್ಪಿಕೊಂಡೆವು. ಸೋಲ್ಡರಿಂಗ್ ಕಬ್ಬಿಣ ಹಿಡಿಯುವುದು, ಪ್ರಯೋಗಶಾಲೆಯ ಮೀಟರುಗಳನ್ನು ಬಿಚ್ಚಿ ಜೋಡಿಸುವುದು ನಮಗೆ ಅಭ್ಯಾಸವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಪ್ರೊಫೆಸರ್ ಎಂದು ಕರೆಸಿಕೊಂಡ ಮೇಲೆ ಒಲ್ಲೆನೆನ್ನುವುದು ಕಷ್ಟ.

ಎಂಜಿನು ದಿಕ್ಕು ಬದಲಿಸುವುದಕ್ಕೆ ಒಂದು ಪ್ರತ್ಯೇಕ ಕೀಲು ಏಕೆ ಬೇಕು ಎಂಬುದನ್ನು ಮೊದಲು ತಿಳಿಯಬೇಕು. ಇಂದಿನ ಆಟದ ರೈಲುಗಳಲ್ಲಿ ಅನೇಕವು ನೇರ ವಿದ್ಯುತ್ ಪ್ರವಾಹದಿಂದ ಓಡತಕ್ಕವು. ಅವುಗಳ ಮೋಟಾರಿನೊಳಗೆ ಶಾಶ್ವತ ಕಾಂತವಿದೆ. 1938ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಹಾರ್ನ್‌ಬಿ ಡಬ್ಲೊ ರೈಲುಗಳೂ ಹಾಗೆಯೇ. ಇವುಗಳಲ್ಲಿ ಹಳಿಗೆ ಬರುವ ಧನ ಋಣಗಳನ್ನು ಅದಲುಬದಲು ಮಾಡಿದರೆ ಸಾಕು, ಎಂಜಿನು ಹಿಂದಕ್ಕೆ ಹೊರಡುತ್ತದೆ. ಲಯನೆಲ್ ರೈಲು ಹಾಗಲ್ಲ. ಅದಕ್ಕೆ ಮೂರು ಹಳಿಗಳು. ನಡುವಿನ ಹಳಿಯಿಂದ ಪ್ರವಾಹವು ಒಳಹೊಕ್ಕು ಚಕ್ರಗಳ ಮೂಲಕ ಹೊರಗಿನ ಹಳಿಗಳಿಗೆ ಮರಳುತ್ತದೆ. ಗೋಡೆಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರು ಇಪ್ಪತ್ತು ವೋಲ್ಟಿನ ಒಳಗೆ ಇಳಿಸಿ ಕೊಡುತ್ತದೆ. ಆದರೆ ಅದು ಪರ್ಯಾಯ ಪ್ರವಾಹವಾಗಿಯೇ ಉಳಿಯುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಆವರ್ತನೆಗಳು, ಎಂದರೆ ಪ್ರವಾಹವು ಸೆಕೆಂಡಿಗೆ 120 ಸಲ ದಿಕ್ಕು ಬದಲಿಸುತ್ತದೆ. ಎಂಜಿನಿನೊಳಗಿನ ಮೋಟಾರಿನಲ್ಲಿ ಶಾಶ್ವತ ಕಾಂತವಿಲ್ಲ. ಕ್ಷೇತ್ರಕ್ಕೊಂದು ತಂತಿಯ ಸುರುಳಿ, ತಿರುಗುವ ಆರ್ಮೇಚರಿಗೊಂದು ಸುರುಳಿ. ಒಂದರಲ್ಲಿ ಹರಿದ ಪ್ರವಾಹವೇ ಇನ್ನೊಂದರಲ್ಲಿಯೂ ಹರಿಯುತ್ತದೆ. ಹೊಲಿಗೆಯ ಮಿಷನಿನ ಮೋಟಾರೂ ಅಡುಗೆಮನೆಯ ಮಿಕ್ಸಿಯ ಮೋಟಾರೂ ಇದೇ ಜಾತಿಯವು.

ನಾವು ಅಲ್ಲಿಯ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಬಿಚ್ಚಿದ ಎಂಜಿನಿನ ತಂತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಾಗ, ಏನನ್ನೂ ಯೋಚಿಸದೆ ಎಡಗೈಯನ್ನು ಮೇಲೆತ್ತಿದೆವು. ತೋರುಬೆರಳು ಕ್ಷೇತ್ರ, ನಡುಬೆರಳು ಪ್ರವಾಹ. ಪ್ರವಾಹವು ಹಿಂದುಮುಂದಾಯಿತೆನ್ನೋಣ. ಆರ್ಮೇಚರಿನಲ್ಲಿ ಹಿಂದುಮುಂದಾದಂತೆಯೇ ಕ್ಷೇತ್ರದ ಸುರುಳಿಯಲ್ಲಿಯೂ ಹಿಂದುಮುಂದಾಗುತ್ತದೆ. ಎಂದರೆ ಎರಡು ಬೆರಳುಗಳೂ ಒಟ್ಟಿಗೆ ತಿರುಗಬೇಕು. ಹೆಬ್ಬೆರಳನ್ನು ಇದ್ದ ದಿಕ್ಕಿಗೇ ಇಟ್ಟುಕೊಂಡು ಅಂಗೈಯನ್ನು ಪೂರ್ತಿ ಹೊರಳಿಸಿದೆವು. ತೋರುಬೆರಳೂ ನಡುಬೆರಳೂ ವಿರುದ್ಧ ದಿಕ್ಕಿಗೆ ಹೋದವು, ಹೆಬ್ಬೆರಳು ಹೋಗಲಿಲ್ಲ. ಋಣವನ್ನು ಋಣದಿಂದ ಗುಣಿಸಿದರೆ ಧನ. ಎಂಟನೆಯ ತರಗತಿಯ ಗಣಿತ! ಹೊಲಿಗೆಯವರ ಮಗನಿಗೆ ಕೊಡಬೇಕಾಗಿದ್ದ ಉತ್ತರ ಮೂವತ್ತಮೂರು ವರ್ಷ ನಮ್ಮ ಎಡಗೈಯಲ್ಲಿಯೇ ಇದ್ದಿತು. ಮಗಳು ಒಳಗೆ ಬಂದು, "ಅಪ್ಪ, ಯಾರಿಗೆ ಕೈ ತೋರಿಸುತ್ತಿದ್ದೀರಿ?" ಎಂದು ಕೇಳಿದಳು. ನಾವು ಏನೂ ಹೇಳಲಿಲ್ಲ.

ಇದರಿಂದಲೇ ಕೀಲಿನ ಅವಶ್ಯಕತೆಯೂ ಸ್ಪಷ್ಟವಾಗುತ್ತದೆ. ಹೊರಗಿನಿಂದ ಪ್ರವಾಹದ ದಿಕ್ಕನ್ನು ಎಷ್ಟು ಸಲ ಬದಲಿಸಿದರೂ ಈ ಮೋಟಾರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದು ಹಿಂದಕ್ಕೆ ತಿರುಗಬೇಕಾದರೆ ಎಂಜಿನಿನೊಳಗೇ ಯಾರೋ ಕುಳಿತು ಆರ್ಮೇಚರಿನ ತಂತಿಗಳನ್ನು ಮಾತ್ರ ಅದಲುಬದಲು ಮಾಡಿ, ಕ್ಷೇತ್ರದ ತಂತಿಗಳನ್ನು ಇದ್ದಂತೆಯೇ ಬಿಡಬೇಕು. ಹಾಗೆ ಒಳಗೆ ಕುಳಿತಿರುವುದೇ ಇ-ಯೂನಿಟ್ ಎಂದು ಕರೆಯುವ ಕೀಲು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು.

ನಿಜವಾದ ಹಬೆಯ ಎಂಜಿನಿನಲ್ಲಿ ಚಾಲಕನು ಸನ್ನೆಯೊಂದನ್ನು ಸರಿಸಿ, ಹಬೆಯು ಸಿಲಿಂಡರಿನ ಯಾವ ಬದಿಗೆ ಯಾವ ಕ್ಷಣದಲ್ಲಿ ಹೋಗಬೇಕೆಂಬುದನ್ನು ಬದಲಿಸಿ ಹಿಂದಕ್ಕೆ ನಡೆಸುತ್ತಾನೆ. ಆಟದ ಎಂಜಿನಿನ ಹೊರಗೆ ಕಾಣುವ ದಂಡಗಳೆಲ್ಲ ಅದರ ಅಣಕು ಮಾತ್ರ. ನಿಜವಾದ ವ್ಯವಹಾರ ಒಡಲೊಳಗೆ ನಡೆಯುತ್ತದೆ. ಮೊದಮೊದಲು ಆಟದ ಎಂಜಿನುಗಳಲ್ಲಿಯೂ ಕೈಯಿಂದ ತಿರುಗಿಸುವ ಸನ್ನೆಯೇ ಇದ್ದಿತು. ಆಮೇಲೆ ಬಂದ ಕೀಲುಗಳು ಪ್ರವಾಹ ತಪ್ಪಿ ಬಂದಾಗಲೆಲ್ಲ ದಿಕ್ಕು ಬದಲಿಸಿಬಿಡುತ್ತಿದ್ದವು: ಮುಂದೆ, ಹಿಂದೆ, ಮುಂದೆ, ಹಿಂದೆ. ಕನೆಕ್ಟಿಕಟ್ಟಿನ ಬ್ರಿಜ್‌ಪೋರ್ಟಿನಲ್ಲಿದ್ದ ಐವ್ಸ್ ಕಂಪೆನಿ 1924ರಲ್ಲಿ ಈ ಎರಡರ ನಡುವೆ ಒಂದು ನಿಲುಗಡೆಯನ್ನು ತಂದಿತು: ಮುಂದೆ, ನಿಲ್ಲು, ಹಿಂದೆ, ನಿಲ್ಲು. ಎಂಜಿನು ವಿದ್ಯುತ್ತನ್ನು ಹೊತ್ತುಕೊಂಡೇ ಸುಮ್ಮನೆ ನಿಲ್ಲಬಲ್ಲದು, ಅದರ ದೀಪವೂ ಉರಿಯುತ್ತಿರಬಹುದು. ದುರ್ದೈವದಿಂದ ಐವ್ಸ್ 1928ರಲ್ಲಿ ದಿವಾಳಿಯಾಯಿತು. ಅದನ್ನು ಕೊಂಡವರಲ್ಲಿ ಲಯನೆಲ್ ಒಂದು. ಒಳ್ಳೆಯ ಕೀಲು ಗೆದ್ದವನ ಎಂಜಿನಿನಲ್ಲಿ ಸೇರಿಕೊಂಡಿತು. ಜರ್ಮನಿಯ ಮರ್ಕ್ಲಿನ್ ರೈಲುಗಳ ರೀತಿ ಬೇರೆ: ಓಡುವುದು 16 ವೋಲ್ಟಿನ ಒಳಗೆ, ಒಂದು ಕ್ಷಣ 24 ವೋಲ್ಟಿನ ಏಟು ಕೊಟ್ಟರೆ ಒಳಗಿನ ಸ್ಪ್ರಿಂಗನ್ನು ಮೀರಿ ರಿಲೆ ಹೊರಳಿ ದಿಕ್ಕು ಬದಲಾಗುತ್ತದೆ. ಆ ಸ್ಪ್ರಿಂಗು ಸಡಿಲವಾದರೆ ಸುಮ್ಮನೆ ಓಡುತ್ತಿರುವಾಗಲೇ ಎಂಜಿನು ತಿರುಗಿ ನಿಲ್ಲುತ್ತದೆ; ಬಿಗಿಯಾದರೆ ತಿರುಗುವ ಬದಲು ಏಟು ತಿಂದು ಆಡಿನಂತೆ ಮುಂದಕ್ಕೆ ಜಿಗಿಯುತ್ತದೆ.

ಲಯನೆಲ್ಲಿನ ಕೀಲಿನಲ್ಲಿ ಒಂದು ಸುರುಳಿ ನೆಟ್ಟಗೆ ನಿಂತಿದೆ. ಅದರ ಕೆಳಗೆ ಕಬ್ಬಿಣದ ಕಡ್ಡಿಯೊಂದು ತೂಗುತ್ತಿದೆ. ಪ್ರವಾಹ ಬಂದೊಡನೆ ಸುರುಳಿ ಕಾಂತವಾಗಿ ಕಡ್ಡಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಪ್ರವಾಹ ಹೋದರೆ ಕಡ್ಡಿ ತನ್ನ ಭಾರದಿಂದಲೇ ಕೆಳಗೆ ಬೀಳುತ್ತದೆ. ಕಡ್ಡಿಗೆ ಒಂದು ಕೊಕ್ಕೆ. ಕೊಕ್ಕೆಯ ಎದುರಿಗೆ ಎಂಟು ಹಲ್ಲುಗಳಿರುವ ಚಿಕ್ಕ ಉರುಳೆ. ಕಡ್ಡಿ ಮೇಲೇರಿದಾಗಲೆಲ್ಲ ಕೊಕ್ಕೆಯು ಒಂದು ಹಲ್ಲನ್ನು ಹಿಡಿದು ಉರುಳೆಯನ್ನು ಎಂಟರಲ್ಲೊಂದು ಸುತ್ತು ಹೊರಳಿಸುತ್ತದೆ. ಉರುಳೆಯ ಮೈಮೇಲೆ ತಾಮ್ರದ ಪಟ್ಟಿಗಳಿವೆ. ಅವುಗಳನ್ನು ಒಂದು ಬದಿಯಿಂದ ನಾಲ್ಕು, ಇನ್ನೊಂದು ಬದಿಯಿಂದ ಎರಡು, ಹೀಗೆ ಆರು ತೆಳು ತಗಡಿನ ಬೆರಳುಗಳು ಸವರುತ್ತಿರುತ್ತವೆ. ಯಾವ ಬೆರಳು ಯಾವ ಪಟ್ಟಿಯನ್ನು ಮುಟ್ಟುತ್ತದೆಂಬುದರ ಮೇಲೆ ಮುಂದೆಯೋ, ಹಿಂದೆಯೋ, ನಿಲ್ಲುವುದೋ ನಿಶ್ಚಯವಾಗುತ್ತದೆ. ಒಂದು ಸುತ್ತಿನಲ್ಲಿ ಈ ನಾಲ್ಕರ ಸರದಿ ಎರಡು ಸಲ ಬರುತ್ತದೆ. ಕಡ್ಡಿಯು ಪರ್ಯಾಯ ಪ್ರವಾಹದಲ್ಲಿ ನಡುಗುವುದರಿಂದಲೇ ಆ ಗುಂಯ್ ಎಂಬ ಸದ್ದು. ಎಂಜಿನಿನ ನೆತ್ತಿಯ ಮೇಲೆ ಹೊರಚಾಚಿರುವ ಚಿಕ್ಕ ಸನ್ನೆಯನ್ನು ಸರಿಸಿದರೆ ಸುರುಳಿಗೆ ಪ್ರವಾಹ ಕಡಿದುಹೋಗುತ್ತದೆ. ಆಗ ಉರುಳೆ ಇದ್ದ ಸ್ಥಾನದಲ್ಲಿಯೇ ಉಳಿದು ಎಂಜಿನು ಒಂದೇ ದಿಕ್ಕಿನಲ್ಲಿ ಓಡುತ್ತಿರುತ್ತದೆ.

ಇಷ್ಟನ್ನು ತಿಳಿದುಕೊಂಡ ಮೇಲೆ ದೋಷವನ್ನು ಹುಡುಕುವುದು ಸುಲಭವೆಂದು ನಾವು ಭಾವಿಸಿದೆವು. ಮೊದಲು ಮೋಟಾರನ್ನೂ ಕೀಲನ್ನೂ ಬೇರ್ಪಡಿಸಿ ನೋಡಬೇಕು. ಕೀಲನ್ನು ಬಿಟ್ಟು ಮೋಟಾರಿಗೆ ನೇರವಾಗಿ ತಂತಿಗಳನ್ನು ಮುಟ್ಟಿಸಿದೆವು. ಚಕ್ರಗಳು ಗಿರ್ರನೆ ತಿರುಗಿದವು. ಮೋಟಾರು ನಿರ್ದೋಷಿ. ಗುಂಯ್ ಎನ್ನುತ್ತಿರುವುದರಿಂದ ಸುರುಳಿಗೂ ಜೀವವಿದೆ. ಸದ್ದೇ ಇಲ್ಲದಿದ್ದರೆ ಸನ್ನೆ ಸರಿದಿದೆಯೆ, ಸುರುಳಿಯ ತಂತಿ ಕಡಿದಿದೆಯೆ ಎಂದು ನೋಡಬೇಕಾಗುತ್ತಿತ್ತು. ಹಾಗಾದರೆ ಉರುಳೆ ಹೊರಳುತ್ತಿಲ್ಲ. ಕೀಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಕಾರಣ ಕಂಡಿತು: ಯಾವ ಕಾಲದಲ್ಲಿಯೋ ಯಾರೋ ಪುಣ್ಯಾತ್ಮರು ಕಡ್ಡಿಗೆ ಎಣ್ಣೆ ಬಿಟ್ಟಿದ್ದರು. ಎಣ್ಣೆ ಧೂಳಿನೊಡನೆ ಸೇರಿ ಹಲಸಿನ ಮೇಣದಂತಾಗಿತ್ತು. ಚಕ್ರಗಳ ಅಚ್ಚಿಗೆ ಎಣ್ಣೆ ಬೇಕು. ಈ ಕಡ್ಡಿಗೆ ಮಾತ್ರ ಎಣ್ಣೆಯೇ ವಿಷ. ಅದು ಒಣಗಿದ್ದರೇನೇ ಬೀಳುತ್ತದೆ. ಸ್ಪಿರಿಟ್ಟಿನಲ್ಲಿ ಹತ್ತಿಯನ್ನದ್ದಿ ಕಡ್ಡಿಯನ್ನೂ ಉರುಳೆಯನ್ನೂ ಬೆರಳುಗಳನ್ನೂ ಉಜ್ಜಿ, ನಿರೋಧಕದ ಹೊದಿಕೆ ಒಣಗಿ ಉದುರುತ್ತಿದ್ದ ಎರಡು ತಂತಿಗಳನ್ನು ಬದಲಿಸಿದೆವು. ಉಪ್ಪುಕಾಗದದಿಂದ ಉಜ್ಜುವ ಆಸೆಯಾಯಿತು; ಗೀರುಗಳಲ್ಲಿ ಮತ್ತೆ ಕೊಳೆ ಕೂರುತ್ತದೆಂದು ತಡೆದುಕೊಂಡೆವು. ಆ ಒಂದು ವಿವೇಕವನ್ನಾದರೂ ಲೆಕ್ಕಕ್ಕೆ ಹಿಡಿಯಬೇಕು.

ಎಂಜಿನನ್ನು ಬಟ್ಟೆಯ ಮೇಲೆ ಅಂಗಾತ ಮಲಗಿಸಿ, ಚಕ್ರಗಳು ಮೇಲಾಗಿರುವಂತೆ ಇಟ್ಟು ಪ್ರವಾಹ ಕೊಟ್ಟೆವು. ಗುಂಯ್. ತೆಗೆದು ಮತ್ತೆ ಕೊಟ್ಟೆವು. ಗುಂಯ್. ಹತ್ತು ಸಲ, ಇಪ್ಪತ್ತು ಸಲ. ಉರುಳೆ ಒಂದು ಹಲ್ಲಿನಷ್ಟೂ ಸರಿಯಲಿಲ್ಲ. ಕೊಕ್ಕೆ ಸವೆದಿರಬೇಕೆಂದು ಭೂತಗನ್ನಡಿ ಹಿಡಿದು ನೋಡಿದೆವು. ಸುರುಳಿ ದುರ್ಬಲವಾಗಿರಬೇಕೆಂದು ಅದರ ರೋಧವನ್ನು ಅಳೆದೆವು. ಎರಡು ದಿನಗಳು ಹೀಗೆ ಕಳೆದವು. ವೃದ್ಧರು ದಿನಕ್ಕೆರಡು ಸಲ ಬೇಲಿಯ ಬಳಿ ಬಂದು, ಕೇಳಬಾರದೆಂದುಕೊಂಡರೂ ಕೇಳಿ ಹೋಗುತ್ತಿದ್ದರು.

ಮೂರನೆಯ ದಿನ ಬೇಸತ್ತು, ಸ್ವಿಚ್ಚನ್ನಾರಿಸಿ, ತಂತಿಗಳನ್ನು ಬಿಚ್ಚದೆಯೇ ಎಂಜಿನನ್ನು ನೆಟ್ಟಗೆ ಮಾಡಿ ಪಕ್ಕಕ್ಕಿಟ್ಟೆವು. ಒಳಗೆ "ಟಿಕ್" ಎಂದಿತು. ಅಷ್ಟು ದಿನವೂ ಕೇಳದಿದ್ದ ಸದ್ದು! ಸ್ವಿಚ್ಚು ಹಾಕಿದೊಡನೆ ಎಂಜಿನು ಮೇಜಿನ ಮೇಲೆ ಮುಂದಕ್ಕೆ ನುಗ್ಗಿ ಚಹದ ಲೋಟವನ್ನು ಉರುಳಿಸಿತು. ಕಡ್ಡಿ ತನ್ನ ಭಾರದಿಂದ ಕೆಳಗೆ ಬೀಳಬೇಕೆಂದು ನಾವೇ ಕಾಗದದ ಮೇಲೆ ಬರೆದುಕೊಂಡಿದ್ದೆವಷ್ಟೆ? ಎಂಜಿನನ್ನು ತಲೆಕೆಳಗಾಗಿಸಿದ ಮೇಲೆ ಕೆಳಗೆ ಎಂಬುದೇ ಸುರುಳಿಯ ಒಳಗಾಯಿತು. ಪ್ರವಾಹ ಹೋದರೂ ಕಡ್ಡಿ ಅಲ್ಲಿಯೇ ಹಾಯಾಗಿ ಕುಳಿತಿರುತ್ತಿತ್ತು. ನ್ಯೂಟನ್ನನನ್ನು ಇಪ್ಪತ್ತನಾಲ್ಕು ವರ್ಷ ಕಲಿಸಿದವರು ಎರಡು ದಿನ ಗುರುತ್ವಾಕರ್ಷಣವನ್ನು ಮರೆತಿದ್ದೆವು. ಈ ಎರಡನೆಯ ದೋಷವನ್ನು ನಾವು ಯಾರಿಗೂ ಹೇಳಿರಲಿಲ್ಲ.

ಎಂಜಿನು ಈಗ ಮುಂದಕ್ಕೆ ಹೋಗುತ್ತಿತ್ತು, ನಿಲ್ಲುತ್ತಿತ್ತು. ಆದರೆ ಹಿಂದಕ್ಕೆ ಹೋಗಬೇಕಾದ ಸರದಿಯಲ್ಲಿ ಗುಂಯ್ ಎಂದು ನಿಂತೇ ಇರುತ್ತಿತ್ತು. ಮುಂದೆ, ನಿಲ್ಲು, ನಿಲ್ಲು, ನಿಲ್ಲು. ವೃದ್ಧರು ಕೇಳಿದ್ದು ಒಂದೇ ಒಂದು. ಆ ಒಂದೇ ಬಾಕಿ. ಉರುಳೆ ಹೊರಳುತ್ತಿರುವುದರಿಂದ ಕಡ್ಡಿಯ ತಪ್ಪಲ್ಲ. ಮುಂದಕ್ಕೆ ಓಡುವುದರಿಂದ ಮೋಟಾರಿನ ತಪ್ಪೂ ಅಲ್ಲ. ಹಿಂದಿನ ಸ್ಥಾನದಲ್ಲಿ ಮಾತ್ರ ಬೇಕಾಗುವ ಬೆರಳೊಂದು ತಾಮ್ರವನ್ನು ಮುಟ್ಟುತ್ತಿಲ್ಲ. ದೀಪದ ಬೆಳಕಿನಲ್ಲಿ ನೋಡಿದರೆ ನಾಲ್ಕು ಬೆರಳುಗಳ ಸಾಲಿನಲ್ಲಿ ಕೊನೆಯದರ ತುದಿ ಸವೆದು, ಉರುಳೆಗೂ ಅದಕ್ಕೂ ಕೂದಲೆಳೆಯಷ್ಟು ಸಂದು ಕಾಣುತ್ತಿತ್ತು. ಸೂಜಿಯ ತುದಿಯಿಂದ ಅದನ್ನು ಮೆಲ್ಲನೆ ಒತ್ತಿ ಹಿಡಿದರೆ ಎಂಜಿನು ಹಿಂದಕ್ಕೆ ಹೋಗುತ್ತಿತ್ತು; ಬಿಟ್ಟರೆ ಇಲ್ಲ. ಇಷ್ಟು ಖಚಿತವಾಗಿ ರೋಗವನ್ನು ಗುರುತಿಸಿದ್ದು ನಮ್ಮ ಜೀವಮಾನದಲ್ಲಿಯೇ ಅಪೂರ್ವವೆಂದು ಹೆಮ್ಮೆಯಾಯಿತು.

ಬೆರಳನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿದೆವು. ಹೆಚ್ಚಾಯಿತು, ಉರುಳೆಯೇ ಬಿಗಿದುಕೊಂಡಿತು. ಹೊರಕ್ಕೆ ಬಗ್ಗಿಸಿದೆವು. ಕಡಮೆಯಾಯಿತು. ಮತ್ತೆ ಒಳಕ್ಕೆ. ಮತ್ತೆ ಹೊರಕ್ಕೆ. ಆ ಕೊನೆಯ ಸಲ ಇಕ್ಕುಳದ ತುದಿಯಲ್ಲಿ ಏನೂ ಭಾರವಿಲ್ಲದಂತೆ ತೋರಿತು. ಬೆರಳು ಬುಡದಲ್ಲಿ ಮುರಿದು ನಮ್ಮ ಇಕ್ಕುಳದಲ್ಲಿತ್ತು.

1947ರಿಂದ ಎರಡು ತಲೆಮಾರಿನ ಮಕ್ಕಳು ನೂಕಿ, ಎಸೆದು, ಎಣ್ಣೆ ಸುರಿದು ಮುರಿಯಲಾರದಿದ್ದುದನ್ನು ನಾವು ಒಂದು ಮಧ್ಯಾಹ್ನ ಮುರಿದಿದ್ದೆವು. ಜುಲೈ ತಿಂಗಳು ಮುಗಿಯಲು ನಾಲ್ಕೈದು ದಿನಗಳಿದ್ದವು. ಮೊದಲು ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ: ಹಳೆಯ ತಗಡು, ತಾನಾಗಿಯೇ ಮುರಿಯಿತೆಂದು ಹೇಳಬಹುದಾಗಿತ್ತು. ವೃದ್ಧರು ನಂಬುತ್ತಿದ್ದರು. ನಮ್ಮ ಮಾತನ್ನು ನಂಬುವುದು ಅವರಿಗೆ ಅಭ್ಯಾಸವಾಗಿತ್ತು. ತರಗತಿಯಲ್ಲಿ ಕುಳಿತುಕೊ ಎಂದೊಡನೆ ಕುಳಿತುಕೊಂಡ ಹುಡುಗನೂ ನಂಬಿದ್ದ.

ಸಂಜೆ ಬೇಲಿಯ ಬಳಿಗೆ ಹೋಗಿ, ಮುರಿದ ಬೆರಳನ್ನು ಅಂಗೈಯಲ್ಲಿಟ್ಟು ತೋರಿಸಿ, "ಇದನ್ನು ನಾವು ಮುರಿದೆವು. ಹೇಗೆ ಸರಿಪಡಿಸಬೇಕೋ ಈಗ ತಿಳಿಯದು" ಎಂದೆವು. ಅವರು ಕನ್ನಡಕವನ್ನು ಮೇಲೆತ್ತಿ ಬಹಳ ಹೊತ್ತು ನೋಡಿದರು. ಆ ನಡುಗುವ ಕೈಯಲ್ಲಿ ತಗಡಿನ ತುಣುಕು ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. "ಹೆಂಡತಿ ಇದ್ದಿದ್ದರೆ ನಾನೇ ಮುರಿದೆನೆಂದು ನನ್ನ ಮೇಲೆ ಸಿಟ್ಟಾಗುತ್ತಿದ್ದಳು" ಎಂದು ಹೇಳಿ ಒಳಗೆ ಹೋದರು. ಕೋಪವೋ ದುಃಖವೋ ನಮಗೆ ತಿಳಿಯಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ.

ನಮಗೆ ತಿಳಿಯದಿದ್ದುದು ಮಗಳಿಗೆ ತಿಳಿದಿತ್ತು. ಅಮೆರಿಕದಲ್ಲಿ ಈ ಹಳೆಯ ಎಂಜಿನುಗಳಿಗೆ ಬೇಕಾದ ಬೆರಳುಗಳನ್ನೂ ಉರುಳೆಗಳನ್ನೂ ಹಳೆಯ ಅಳತೆಗೇ ಹೊಸದಾಗಿ ಮಾಡಿ ಮಾರುವವರು ಇದ್ದಾರೆ. ಆಕೆ ತರಿಸಿದ ನಾಲ್ಕು ಬೆರಳುಗಳ ಹೊಸ ತಗಡು ಆಗಸ್ಟಿನ ಮೊದಲ ವಾರದಲ್ಲಿ ಬಂದಿತು. ಬೆಲೆ ನಮ್ಮ ಅಪರಾಧಕ್ಕೆ ಹೋಲಿಸಿದರೆ ಏನೂ ಅಲ್ಲ. ಕೀಲಿನ ಚೌಕಟ್ಟನ್ನು ಕೂದಲೆಳೆಯಷ್ಟು ಅಗಲಿಸಿ ಉರುಳೆಯನ್ನು ಹೊರತೆಗೆದು, ನಾಲ್ಕು ತಂತಿಗಳ ಬೆಸುಗೆಯನ್ನು ಬಿಡಿಸಿ, ಹೊಸ ತಗಡನ್ನು ಕೂರಿಸಿ, ನಾಲ್ಕನ್ನೂ ಮರಳಿ ಬೆಸೆದೆವು. ಈ ಸಲ ವೃದ್ಧರು ಪಕ್ಕದಲ್ಲಿಯೇ ಕುಳಿತು ದೀಪವನ್ನು ಹಿಡಿದಿದ್ದರು. ದೀಪ ನಡುಗುತ್ತಿತ್ತು, ಅವರನ್ನು ಏಳಿಸಲು ನಮಗೆ ಮನಸ್ಸಾಗಲಿಲ್ಲ. ಇಕ್ಕುಳವನ್ನು ನಾವು ಮೇಜಿನ ಮೇಲೆಯೇ ಇಟ್ಟುಕೊಳ್ಳಲಿಲ್ಲ.

ಮೊಮ್ಮಗ ಬಂದ ದಿನ ನೆಲಮಾಳಿಗೆಯಲ್ಲಿ ಹಳಿಗಳು ಹಾಸಿದ್ದವು. ಹುಡುಗ ಮೊದಲು ಗುಂಯ್ ಎಂಬುದನ್ನು ಕೇಳಿ, ಕೆಟ್ಟುಹೋಗಿದೆಯೆಂದ. "ಇಲ್ಲ, ಅದು ಯೋಚಿಸುತ್ತಿದೆ" ಎಂದರು ಅಜ್ಜ. ಎಂಜಿನು ಮುಂದೆ ಹೋಯಿತು, ನಿಂತಿತು. ಅಜ್ಜ ಸ್ವಿಚ್ಚನ್ನು ಆರಿಸಿ ಹಾಕಿದರು. ಅದು ಒಂದು ಸಲ ಕುಲುಕಿ, ಹಿಂದಕ್ಕೆ ಬಂದು, ಹಳಿಯ ಮೇಲೆ ಒಂಟಿಯಾಗಿ ನಿಂತಿದ್ದ ಕೆಂಪು ಡಬ್ಬಿಯನ್ನು ತಟ್ಟಿ ಜೋಡಿಸಿಕೊಂಡಿತು. ಇಬ್ಬರೂ ಏನೂ ಮಾತನಾಡಲಿಲ್ಲ. ಹುಡುಗ ಡಬ್ಬಿಯನ್ನು ಬಿಡಿಸಿ ಮತ್ತೆ ದೂರಕ್ಕೆ ಇಟ್ಟ. ಅವರು ಹೀಗೆ ಎಷ್ಟು ಸಲ ಮಾಡಿದರೋ, ನಾವು ಊಟಕ್ಕೆ ಮನೆಗೆ ಹೋದೆವು.

ಅಕ್ಟೋಬರಿನಲ್ಲಿ ಆ ಮನೆ ಮಾರಾಟವಾಯಿತು. ಎಂಜಿನು ಹುಡುಗನೊಡನೆ ಹೋಯಿತು. ನಾವು ಊರಿಗೆ ಮರಳುವಾಗ ಮುರಿದ ಬೆರಳನ್ನು ಬೆಂಕಿಪೆಟ್ಟಿಗೆಯೊಂದರಲ್ಲಿ ಹಾಕಿಕೊಂಡು ಬಂದೆವು.

ಹೊಲಿಗೆಯವರ ಮಗ ಈಗ ಕಾಸರಗೋಡಿನಲ್ಲಿ ಮಿಕ್ಸಿ, ಗ್ರೈಂಡರುಗಳ ಮೋಟಾರುಗಳನ್ನು ಸುತ್ತಿ ದುರಸ್ತಿ ಮಾಡುವ ಅಂಗಡಿಯಿಟ್ಟಿದ್ದಾನೆ. ಆ ವರ್ಷದ ಡಿಸೆಂಬರಿನಲ್ಲಿ ನಾವು ಅಲ್ಲಿಗೆ ಹೋದೆವು. ಆತ ಸ್ಟೂಲನ್ನು ಒರೆಸಿ, "ಕೂತುಕೊಳ್ಳಿ ಮಾಸ್ಟ್ರೇ" ಎಂದ. ನಾವು ಎಡಗೈಯನ್ನು ಮೇಲೆತ್ತಿ, ಎರಡು ಬೆರಳುಗಳನ್ನೂ ಒಟ್ಟಿಗೆ ಹೊರಳಿಸಿ ತೋರಿಸಿ, 1986ರಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರವಿದು, ಅಂದು ನಾವು ಹೇಳಿದುದು ತಪ್ಪು ಎಂದೆವು. ಆತನಿಗೆ ಪ್ರಶ್ನೆಯೇ ನ��ನಪಿರಲಿಲ್ಲ.

"ನೀವು ತಪ್ಪು ಹೇಳಿರಲಿಕ್ಕಿಲ್ಲ ಮಾಸ್ಟ್ರೇ, ನನಗೇ ಅರ್ಥ ಆಗಿರಲಿಕ್ಕಿಲ್ಲ" ಎಂದ. ಅನಂತರ ಬಿಚ್ಚಿಟ್ಟಿದ್ದ ಮಿಕ್ಸಿಯ ಕಡೆಗೆ ನೋಡುತ್ತ, "ಬ್ರಷ್ಷಿನ ಎರಡು ವಯರು ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಫೀಲ್ಡಿನದ್ದು ಮುಟ್ಟಬಾರದು. ದಿನಾ ಅದೇ ಅಲ್ವಾ ಕೆಲಸ" ಎಂದ.

ನಾವು ಬೆಂಕಿಪೆಟ್ಟಿಗೆಯನ್ನು ತೆರೆದು ಅವನ ಕೈಗೆ ಕೊಟ್ಟು, ಅದು ಎಲ್ಲಿಯದೆಂಬುದನ್ನು ಹೇಳಿದೆವು. ಆತ ತುಣುಕನ್ನು ದೀಪಕ್ಕೆ ಹಿಡಿದು, ಮುರಿದ ಅಂಚನ್ನು ಉಗುರಿನಿಂದ ಸವರಿ ನೋಡಿದ.

"ಇದು ಹಳೆಯದಾಗಿ ತುಂಡಾದದ್ದಲ್ಲ, ಮಾಸ್ಟ್ರೇ. ಯಾರೋ ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸಿ ಮುರಿದದ್ದು. ಮೂರು ಸಲವಾದರೂ ಬಗ್ಗಿಸಿರಬೇಕು."

"ನಾಲ್ಕು" ಎಂದೆವು.